ಏರಿದ್ದು ಮೂರು ಇಂಚು

ಟೀಚರ್ ಫೋನ್ ಮಾಡಿದಾಗ ನಾನು ಸಿಂಗಪುರದ ಬೂನ್ ಲೇ ಮಾಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ಮೂಸುತ್ತಾ ನಿಂತಿದ್ದೆ. “ನಮ್ಮನಿಯವರು ಹೋದ್ರು ರೀ” ಎಂದರು. ಯಾರ ಮನೆಯವರು, ಎಲ್ಲಿಗೆ ಹೋದರು ಎಂದು ಒಂದು ಗಳಿಗೆ ಹೊಳೆಯಲಿಲ್ಲ. ಗುಳೇದಗುಡ್ಡದ ಆ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಹೊಳೆದ ಮೇಲೆ ಸೊಪ್ಪನ್ನು ಅಲ್ಲೇ ಇಟ್ಟು, ಹೊರಗೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಹೋಗಿ ಕೂತೆ. ಎದುರಿಗೆ ಒಂದು ಪಿಕಪ್ ಟ್ರಕ್ ಹಾದುಹೋಯಿತು. ನನ್ನ ಬುದ್ಧಿ ನೋಡಿ, ಮೊದಲು ಕಣ್ಣು ಹೋದದ್ದು ಅದರ ಟೈರಿನ ಮೇಲೆ. ಸಾವಿನ ಸುದ್ದಿ ಇನ್ನೂ ಕಿವಿಯಲ್ಲಿರುವಾಗಲೇ ‘ಇದು ಮೂವತ್ತೊಂದು ಇಂಚಿನದು’ ಎಂದು ಮನಸ್ಸು ಅಂದುಕೊಂಡಿತು. ಅಷ್ಟರಮಟ್ಟಿಗೆ ಟೀಚರ ಗಂಡ ನನ್ನ ತಲೆ ಕೆಡಿಸಿ ಹೋಗಿದ್ದಾರೆ.

ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಬ್ಲಾಕಿನ ಮಕ್ಕಳಿಗೆಲ್ಲ ಟ್ರಕ್ ಅಂಕಲ್. ದೊಡ್ಡವರಿಗೂ ಅದೇ ಬಾಯಿಗೆ ಬಂದಿತ್ತು. ನಾವು ಆಗ ಬುಕಿತ್ ಬಾಟೋಕ್‌ನಲ್ಲಿದ್ದೆವು. ಅವರದೂ ಅದೇ ಬ್ಲಾಕು, ನಮ್ಮ ಮೇಲಿನ ಮಹಡಿ. ಎರಡು ಸಾವಿರದ ಇಸವಿ ದಾಟಿ ಊರು ಉಬ್ಬುತ್ತಿದ್ದ ಕಾಲ ಅದು. ಯಾವ ಕಿಟಕಿ ತೆಗೆದರೂ ಕ್ರೇನು, ಯಾವ ಯುಗಾದಿ ಊಟಕ್ಕೆ ಹೋದರೂ ಹೊಸ ಕನ್ನಡದ ಮುಖಗಳು. ನಾನು ಪಾಸಿರ್ ಪಂಜಾಂಗ್‌ನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿದ್ದೆ. ಅವರು ಅಲ್ಲೇ ಪಕ್ಕದ ಕಟ್ಟಡದಲ್ಲಿ, ಬಂದರಿನ ಯಾರ್ಡಿನಲ್ಲಿ ಯಾವ ಕಂಟೇನರನ್ನು ಎಲ್ಲಿ ಪೇರಿಸಬೇಕು ಎಂದು ನಿಶ್ಚಯಿಸುವವರು.

ಮೊದಲ ಸಲ ಮಾತಾಡಿಸಿದ್ದು ಬಸ್‌ಸ್ಟಾಪಿನಲ್ಲಿ. ಬೂದು ಬಣ್ಣದ ಒಂದು ಎತ್ತರದ ಟ್ರಕ್ಕು ನನ್ನ ಮುಂದೆ ಬಂದು ನಿಂತಿತು, ಕಿಟಕಿ ಇಳಿಯಿತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೇಲೆ ಇಸ್ತ್ರಿ ಮಾಡಿದ ಅಂಗಿ. “ಮೇಡಂ, ಕನ್ನಡದವರಲ್ವಾ? ಯುಗಾದಿ ಊಟದಲ್ಲಿ ನೋಡಿದ್ದೆ. ಪಾಸಿರ್ ಪಂಜಾಂಗ್ ತಾನೆ? ಬನ್ನಿ, ಡ್ರಾಪ್ ಮಾಡ್ತೀನಿ” ಎಂದು ತುಂಬ ಜೋಪಾನವಾಗಿ ಬೆಂಗಳೂರು ಕನ್ನಡದಲ್ಲಿ ಹೇಳಿದರು. ನಾನು ಬಾಗಿಲಿಗೆ ಕೈ ಹಾಕುತ್ತಿದ್ದಂತೆ ನನ್ನ ಕಾಲಿನ ಕಡೆ ನೋಡಿ, “ಮೊಣಕಾಲು ಸರಿ ಇದೆ ತಾನೆ?” ಎಂದರು. ಮೈ ಉರಿದುಹೋಯಿತು. ನನಗಾಗ ಮೂವತ್ತೈದೂ ತುಂಬಿರಲಿಲ್ಲ. “ಸರಿಯಾಗೇ ಇದೆ, ನಿಮ್ಮ ಗಾಡಿ ಸರಿ ಇದೆಯಾ ನೋಡ್ಕೊಳ್ಳಿ” ಎಂದು ಹತ್ತಿ ಕೂತೆ. ಅವರು ನಕ್ಕರು. ಆಮೇಲೆ ತಿಳಿಯಿತು, ಆ ಮನುಷ್ಯ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಮೊಣಕಾಲನ್ನೇ.

ಅಂದಿನಿಂದ ದಿನಾ ಬೆಳಿಗ್ಗೆ ಅವರ ಜೊತೆಗೇ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಒಂದೇ ಮಾತು, ಟೈರು. ಮೂವತ್ತೊಂದು ಇಂಚಿನದೇ ಇರಲೋ, ಮೂವತ್ತಮೂರು ಇಂಚಿನದು ಹಾಕಿಸಲೋ? ಗಂಡನ ಜಗಳ, ಅತ್ತೆಯ ಕಾಟ ಹೇಳಿಕೊಳ್ಳುವವರನ್ನು ಕಂಡಿದ್ದೆ. ಟೈರಿನ ಅಳತೆಗಾಗಿ ಹೀಗೆ ಒದ್ದಾಡುವವರನ್ನು ಕಂಡಿರಲಿಲ್ಲ. ನಿಂಬೆಹಣ್ಣಿಗೂ ಮೂಸಂಬಿಗೂ ವ್ಯತ್ಯಾಸ ನೋಡಿದಂತೆ ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಯ ಚಕ್ರವನ್ನೂ ನೋಡಿಕೊಂಡು ಬರುತ್ತಿದ್ದರು. ನನಗೆ ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ನಾನೂ ನೋಡತೊಡಗಿದೆ.

ಅವರ ಟ್ರಕ್ಕು ಕಾಡುಮೇಡು ಸುತ್ತುವುದಕ್ಕೆಂದು ಮಾಡಿದ ಗಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ. ಈ ಸಿಂಗಪುರದಲ್ಲಿ ಅದಕ್ಕೆ ಕಾಡೆಲ್ಲಿ, ಮೇಡೆಲ್ಲಿ? ಇಲ್ಲಿ ಮಣ್ಣು ಬೇಕೆಂದರೆ ಅಂಗಡಿಗೆ ಹೋಗಿ ಚೀಲದಲ್ಲಿ ಕೊಂಡುತರಬೇಕು. ಅದಕ್ಕೆ ಅವರು ಭಾನುವಾರ ಒಂದಷ್ಟು ಜನ ಟ್ರಕ್ ಹುಚ್ಚಿನವರ ಜೊತೆ ಸೇತುವೆ ದಾಟಿ ಮಲೇಷ್ಯಾದ ಜೋಹೋರಿನ ತಾಳೆತೋಟಗಳಿಗೆ ಹೋಗುತ್ತಿದ್ದರು. ಜೊತೆಯವರದೆಲ್ಲ ಮೂವತ್ತಮೂರರ ಟೈರು, ಅಂಗೈ ಇಡುವಷ್ಟು ಆಳದ ಕಚ್ಚು. ಇವರೊಬ್ಬರದೇ ಮೂವತ್ತೊಂದು. ಕೆಸರಿನಲ್ಲಿ ಮೊದಲು ಹೂತುಕೊಳ್ಳುವುದು ಇವರ ಗಾಡಿಯೇ. ಉಳಿದವರು ಹಗ್ಗ ಕಟ್ಟಿ ಎಳೆದು, ‘ಯಾಕಯ್ಯಾ ಈ ಸೈಕಲ್ ಟೈರು’ ಎಂದು ಗೇಲಿ ಮಾಡಿ ಕಳಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಬಾಗಿಲಿನವರೆಗೂ ಕೆಂಪು ಮಣ್ಣು ಮೆತ್ತಿಕೊಂಡ ಗಾಡಿಯಲ್ಲೇ ಆಫೀಸಿಗೆ ಬರುತ್ತಿದ್ದರು. ತೊಳೆಸಬಾರದೇ ಎಂದರೆ, “ಇರಲಿ ಬಿಡ್ರಿ, ಮಣ್ಣು ನೋಡಿ ಭಾಳ ದಿನ ಆಗಿತ್ತು” ಎಂದು ತಮ್ಮ ಭಾಷೆಗೆ ಜಾರಿಬಿಡುತ್ತಿದ್ದರು. ಹಿಂದಿನ ಭಾನುವಾರವೂ ನೋಡಿ ಬಂದಿರುತ್ತಿದ್ದರು ಅನ್ನಿ.

“ದೊಡ್ಡದು ಹಾಕಿಸಿಬಿಡಿ ಅತ್ಲಾಗೆ” ಎಂದು ನಾನು ಒಂದು ದಿನ ರೇಗಿದೆ. ಆಗ ಅವರು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು: ಗಾಡಿ ಭಾನುವಾರ ಮಾತ್ರ ಮಣ್ಣಿನಲ್ಲಿ ಓಡುತ್ತದೆ, ಮಿಕ್ಕ ದಿನವೆಲ್ಲ ಡಾಂಬರಿನ ಮೇಲೆ. ದೊಡ್ಡ ಕಚ್ಚಿನ ಟೈರು ಡಾಂಬರಿನ ಮೇಲೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ, ಡೀಸೆಲ್ ಕುಡಿಯುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲುವುದಕ್ಕೆ ಯೋಚನೆ ಮಾಡುತ್ತದೆ. ಚಕ್ರ ದೊಡ್ಡದಾದ ಮೇಲೆ ಮುಳ್ಳು ತೋರಿಸುವ ವೇಗಕ್ಕಿಂತ ಗಾಡಿ ಜೋರಾಗಿ ಓಡುತ್ತಿರುತ್ತದೆ, ಅದನ್ನೂ ನೆನಪಿಟ್ಟುಕೊಳ್ಳಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗಿನ ತಗಡಿಗೆ ಉಜ್ಜುತ್ತದೆ. ಉಜ್ಜಬಾರದೆಂದರೆ ಸ್ಪ್ರಿಂಗ್ ಬದಲಿಸಿ ಗಾಡಿಯನ್ನೇ ಎತ್ತರಿಸಬೇಕು. ಚಕ್ರದ ಅಡ್ಡಳತೆ ಎರಡು ಇಂಚು ಹೆಚ್ಚಿದರೆ ಗಾಡಿ ಏರುವುದು ಅದರರ್ಧ: ಟೈರಿನಿಂದ ಒಂದು ಇಂಚು, ಸ್ಪ್ರಿಂಗಿನಿಂದ ಎರಡು.

“ಒಟ್ಟು ಮೂರು ಇಂಚು ಮ್ಯಾಲ ಏಳತೈತಿ” ಎಂದರು. “ಡಾಂಬರು ಒಂದು ಕೇಳತೈತಿ, ಮಣ್ಣು ಒಂದು ಕೇಳತೈತಿ. ಎರಡಕ್ಕೂ ಏನಾರ ಹೇಳಿ ಒಪ್ಪಸಬಹುದು ಮೇಡಂ. ನಮ್ಮಕಿ ಮೊಣಕಾಲಿಗೆ ಏನು ಹೇಳಲಿ?”

ಅಲ್ಲಿಗೆ ನನಗೆ ಅರ್ಥವಾಯಿತು, ಇದು ಟೈರಿನ ಮಾತಲ್ಲ ಎಂದು.

ಅವರ ಹೆಂಡತಿ ಗುಳೇದಗುಡ್ಡದಲ್ಲಿ ಸರಕಾರಿ ಶಾಲೆಯ ಟೀಚರು. ಮಕ್ಕಳಿರಲಿಲ್ಲ. ಮೊದಲು ಸಂಬಳವಿಲ್ಲದ ರಜೆ ಹಾಕಿ ಬಂದು ಎರಡು ವರ್ಷ ಇಲ್ಲೇ ಇದ್ದರಂತೆ. ಟ್ಯಾಕ್ಸಿಯ ಎಸಿ ವಾಸನೆಗೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಎತ್ತರದ ಗಾಡಿಯಲ್ಲಿ ಕಿಟಕಿ ತೆಗೆದು ಕೂತರೆ ಟ್ರ್ಯಾಕ್ಟರಿನಲ್ಲಿ ಕೂತಂತೆ ಆಗುತ್ತದೆ ಎಂದು ಯಾರದೋ ಟ್ರಕ್ಕಿನಲ್ಲಿ ಕೂತಾಗ ಒಮ್ಮೆ ಅಂದಿದ್ದರು. ಆ ಒಂದು ಮಾತಿಗೆ ಇವರು ಟ್ರಕ್ಕು ಕೊಂಡರು. ಕೊಂಡ ಮರುವರ್ಷ ರಜೆ ಮುಗಿಯಿತು, ಟೀಚರ್ ಊರಿಗೆ ಹೋದರು. ಕೆಲಸ ಬಿಡುವ ಮನಸ್ಸು ಅವರಿಗಿರಲಿಲ್ಲ, ಬಿಡಿಸುವ ಬಾಯಿ ಇವರಿಗಿರಲಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಬೇಸಿಗೆ ರಜೆಗೆ ಬಂದು ಹೋಗುವುದಾಯಿತು. ಒಂದೊಂದು ಸಲ ಬಂದಾಗಲೂ ಟೀಚರ ಮೊಣಕಾಲು ಹಿಂದಿನ ಸಲಕ್ಕಿಂತ ಹಟಮಾರಿಯಾಗಿರುತ್ತಿತ್ತು. ಟ್ರಕ್ಕು ಹತ್ತುವಾಗ ಕಿಟಕಿಯ ಮೇಲಿನ ಹಿಡಿಕೆ ಹಿಡಿದು ‘ಶಿವನೇ’ ಎಂದು ಒಂದು ಉಸಿರು ಬಿಡುತ್ತಿದ್ದರು. ಆ ಶಿವನೇ ಎಷ್ಟು ಉದ್ದ ಎನ್ನುವುದರ ಮೇಲೆ ಇವರು ಟೈರಿನ ವಿಚಾರ ನಿರ್ಧಾರ ಮಾಡುತ್ತಿದ್ದರು. ಮೂವತ್ತೊಂದೇ ಇರಲಿ.

ವರ್ಷದಲ್ಲಿ ಒಂದೂವರೆ ತಿಂಗಳು ಕೂರುವವರಿಗಾಗಿ ಉಳಿದ ದಿನವೆಲ್ಲ ಗಾಡಿಯನ್ನು ತಗ್ಗಾಗಿಯೇ ಇಟ್ಟುಕೊಂಡಿದ್ದರು. ಅದು ಅವರ ಕಸುಬಿನಿಂದ ಬಂದ ಬುದ್ಧಿ ಇರಬೇಕು. ಯಾರ್ಡಿನ ಕೆಲಸದ ಬಗ್ಗೆ ಒಮ್ಮೆ ಹೇಳಿದ್ದರು: ಯಾವಾಗ ಒಯ್ಯುತ್ತಾರೆ ಎಂದು ಗೊತ್ತಿರುವ ಡಬ್ಬವನ್ನು ಎಲ್ಲಿ ಬೇಕಾದರೂ ಇಡಬಹುದು. ಗೊತ್ತಿಲ್ಲದ್ದನ್ನು ಮಾತ್ರ ಎಲ್ಲದರ ಮೇಲೆ ಇಡಬೇಕು, ಯಾವ ಗಳಿಗೆಯಲ್ಲಿ ಬಂದು ಕೇಳಿದರೂ ಕೈಗೆ ಸಿಗಬೇಕು. ಅವರ ಮನೆಯೂ ಹಾಗೇ ಇತ್ತು. ಬಾಗಿಲ ಬಳಿ ಟೀಚರ ಚಪ್ಪಲಿ, ಮುಂದಿನ ಸಾಲಿನಲ್ಲಿ ಟೀಚರ ಲೋಟ, ಕಪಾಟು ತೆಗೆದರೆ ಮೊದಲು ಕಾಣುವುದು ಟೀಚರ ಇಳಕಲ್ ಸೀರೆ. ಅವರ ಸ್ವಂತದ ಸಾಮಾನೆಲ್ಲ ಎಲ್ಲೋ ಹಿಂದೆ, ಮಂಚದ ಕೆಳಗೆ. ಸಂಜೆ ಏಳೂವರೆಗೆ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ಬಿಟ್ಟಿರುವ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಮುಂದೆ ಕೂತು ಫೋನ್ ಕಾರ್ಡಿನ ನಂಬರ್ ಒತ್ತುತ್ತಿದ್ದರು. ಆಗ ಊರಲ್ಲಿ ಐದು ಗಂಟೆ, ಶಾಲೆ ಬಿಟ್ಟು ಬಂದ ಹೊತ್ತು. ಮಾತೇನೂ ಹೆಚ್ಚಿರುತ್ತಿರಲಿಲ್ಲ. ಉಂಡಿ ಏನು, ಕರೆಂಟ್ ಐತೇನು, ಮೊಣಕಾಲು ಹೆಂಗೈತಿ. ಆಮೇಲೆ ಫೋನು ಕಿವಿಯಲ್ಲೇ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು. ನನ್ನ ಮಗಳು ಒಮ್ಮೆ, “ಅಮ್ಮಾ, ಟ್ರಕ್ ಅಂಕಲ್ ಕಾಲ್ ಕಟ್ ಆಗಿದೆ ಲಾ, ಬಟ್ ಅವರು ಸ್ಟಿಲ್ ಹಿಡ್ಕೊಂಡೇ ಇದಾರೆ” ಎಂದು ಇಲ್ಲಿಯವರ ಹಾಗೆ ‘ಲಾ’ ಸೇರಿಸಿ ಬಂದು ಹೇಳಿದಳು. ನಾನು ಅವಳನ್ನು ಗದರಿಸಿ ಒಳಗೆ ಕಳಿಸಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ನನಗೇ ಅಳು ಬಂತು.

ಒಂದು ವರ್ಷ ಫೆಬ್ರವರಿಯಲ್ಲಿ ಅವರು ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಬಂದರು. ಟೀಚರ್ ಸ್ವಯಂ ನಿವೃತ್ತಿ ತಗೊಳ್ಳುವ ಯೋಚನೆ ಮಾಡಿದ್ದಾರಂತೆ. ಬೇಸಿಗೆಗೆ ಬಂದು ಇದ್ದು ನೋಡುತ್ತಾರೆ, ಮನಸ್ಸು ನಿಂತರೆ ಜೂನಿಗೆ ಹೋಗಿ ಅರ್ಜಿ ಕೊಟ್ಟು ಬಂದುಬಿಡುತ್ತಾರೆ, ಇನ್ನು ಇಲ್ಲೇ. ಹೇಳುವಾಗ ಬೆಂಗಳೂರು ಕನ್ನಡ ಪೂರ್ತಿ ಮರೆತುಹೋಗಿತ್ತು. “ಬಂದಮ್ಯಾಲ ಇಲ್ಲೇ ಬ್ಲಾಕಿನಾಗ ಕುಂಡರಸಾಕ ಆಗತೈತೇನ್ರಿ? ಮಲೇಷ್ಯಾದ ಗುಡ್ಡಕ್ಕ ಕರಕೊಂಡು ಹೋಗತೀನಿ. ಚಾದ ತೋಟ, ತಂಪು ಹವಾ. ಅಲ್ಲಿಂದ ಒಳಗ ಮಣ್ಣಿನ ದಾರಿ ಐತಿ, ನದಿ ದಂಡಿಗೆ.” ಆ ದಾರಿಗೆ ಮೂವತ್ತೊಂದು ಸಾಲದು. ಹಳೆಯ ಟೈರೂ ಸವೆದಿತ್ತು.

ಶನಿವಾರ ನನ್ನನ್ನೂ ಬುಕಿತ್ ಬಾಟೋಕ್ ಕಾರ್ಖಾನೆಗಳ ಸಾಲಿನಲ್ಲಿದ್ದ ಟೈರ್ ಅಂಗಡಿಗೆ ಕರೆದುಕೊಂಡು ಹೋದರು. ಸೀರೆ ಆರಿಸುವುದಕ್ಕೆ ಜೊತೆ ಬೇಕಾಗುತ್ತದೆ ನೋಡಿ, ಹಾಗೆ. ಬನಿಯನ್ ಹಾಕಿಕೊಂಡಿದ್ದ ಚೀನೀ ಮುದುಕ ಇವರನ್ನು ಎಷ್ಟೋ ವರ್ಷದಿಂದ ಬಲ್ಲವನು. ದೊಡ್ಡದನ್ನು ಕೇಳಿದ್ದಕ್ಕೆ, “ಯೂ ಡ್ರೈವ್ ಎವ್ರಿಡೇ, ಸ್ಮಾಲ್ ಒನ್ ಬೆಟರ್ ಲಾ” ಎಂದು ಮುಖ ಸಿಂಡರಿಸಿದ. ಇವರು ಕೇಳಲಿಲ್ಲ. ಚಕ್ರ ನಾಲ್ಕಲ್ಲ, ಸ್ಟೆಪ್ನಿಯೂ ಸೇರಿ ಐದು, ಐದೂ ಬದಲಿಸಬೇಕು, ಎತ್ತರದ ಸ್ಪ್ರಿಂಗೂ ಹಾಕಬೇಕು ಎಂದು ಪಟ್ಟು ಹಿಡಿದರು. ಗಾಡಿ ಕೆಳಗಿಳಿದು ನಿಂತಾಗ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಅದು ಪಕ್ಕದ ಗಾಡಿಗಳಿಗಿಂತ ಎದೆ ಉಬ್ಬಿಸಿ ನಿಂತಿತ್ತು. ನಾನು ಹತ್ತಲು ಹೋಗಿ ಎಡವಿದೆ.

“ಟೀಚರ್ ಕಾಲು?” ಎಂದೆ.

“ಅದಕ್ಕೊಂದು ಉಪಾಯ ಮಾಡೀನಿ” ಎಂದು ಕಣ್ಣು ಮಿಟುಕಿಸಿದರು. ಅವರು ಕಣ್ಣು ಮಿಟುಕಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸೋಮವಾರ ಆ ಉಪಾಯ ಕಂಡಿತು. ಒಂದು ಗಿಡ್ಡನೆಯ ಹಲಗೆ. ಅದರ ಮೇಲೆ ಹಳೆಯ ಟೈರನ್ನು ಕತ್ತರಿಸಿ, ಕಚ್ಚು ಮೇಲೆ ಬರುವ ಹಾಗೆ ಮೊಳೆ ಹೊಡೆದು ಕೂರಿಸಿದ್ದರು, ಕಾಲು ಜಾರಬಾರದೆಂದು. ಒಂದು ಬದಿಗೆ ಹಗ್ಗ. ಹಲಗೆ ಕೆಳಗಿಟ್ಟು, ಅದರ ಮೇಲೆ ಕಾಲಿಟ್ಟು ಹತ್ತಿ ಕೂತು, ಹಗ್ಗ ಹಿಡಿದು ಒಳಗೆ ಎಳೆದುಕೊಂಡರಾಯಿತು. “ಗಾಡಿ ಏರಿದ್ದು ಮೂರು ಇಂಚು. ಇದರ ಎತ್ತರನೂ ಮೂರು ಇಂಚ. ಆಕಿಗೆ ಹಳೇ ಗಾಡಿ ಹತ್ತಿದಂಗ ಆಗತೈತಿ, ಗೊತ್ತ ಆಗಂಗಿಲ್ಲ” ಎಂದರು. ನಾನು ಹತ್ತಿ ನೋಡಿದೆ. ನಿಜಕ್ಕೂ ಹಗುರವಾಗಿತ್ತು. ಬ್ಲಾಕಿನವರೆಲ್ಲ ಹತ್ತಿ ನೋಡಿದರು, ನಮ್ಮ ಮನೆಯವರೂ ಹತ್ತಿ, ಭೇಷ್ ಅಂದರು. ಮಕ್ಕಳಂತೂ ಅದರ ಮೇಲೆ ಕುಣಿದವು. ಆಟಕ್ಕೆ ಹೋಗಿ ಬಂದ ಬೂಟು, ಮಳೆಯಲ್ಲಿ ನೆನೆದ ಚಪ್ಪಲಿ, ಎಲ್ಲವನ್ನೂ ಆ ಹಲಗೆ ಕಂಡಿತು.

ಏಪ್ರಿಲ್‌ನಲ್ಲಿ ಟೀಚರ್ ಬಂದರು. ವಿಮಾನ ನಿಲ್ದಾಣಕ್ಕೆ ಅವರು ಗಾಡಿ ಒಯ್ಯಲಿಲ್ಲ. ಟ್ಯಾಕ್ಸಿಯಲ್ಲೇ ಕರೆತಂದರು, ಕಿಟಕಿ ತೆಗೆಸಿ. ಗಾಡಿಯನ್ನು ಮರುದಿನ ಬೆಳಿಗ್ಗೆ ತೊಳೆದು ಒರೆಸಿ ತೋರಿಸಬೇಕೆಂಬ ಆಸೆ. ಬೆಳಿಗ್ಗೆ ದೇವಸ್ಥಾನಕ್ಕೆ ಹೊರಟಾಗ ನನ್ನನ್ನೂ ಕರೆದಿದ್ದರು. ಮೂವರೂ ಕಾರ್ ಪಾರ್ಕಿಗೆ ಬಂದೆವು. ಟೀಚರ್ ಹೊಸ ಟೈರು ನೋಡಿ, “ಏನ್ರೀ ಇದು, ಆನಿ ಕಾಲು ಹಚ್ಚಿಸೀರಿ” ಎಂದು ನಕ್ಕರು. ಆ ನಗುವಿಗೆ ಇವರ ಮುಖ ಅರಳಿತು. ಮದುವೆಮನೆಯ ಹುಡುಗನ ಹಾಗೆ ಓಡಿ ಹೋಗಿ ಹಲಗೆ ತಂದು ಬಾಗಿಲ ಕೆಳಗೆ ಇಟ್ಟು, “ಇಡು ಕಾಲು” ಎಂದರು.

ಟೀಚರ್ ಕಾಲು ಎತ್ತಿದವರು ಹಾಗೇ ಇಳಿಸಿದರು. ಕಷ್ಟಪಟ್ಟು ಬಗ್ಗಿ, ಹಲಗೆಯನ್ನು ಮಗುಚಿದರು. ಕೆಳಗಿನ ಮೈ ಎಣ್ಣೆ ಕುಡಿದು ಕಪ್ಪಗಾಗಿತ್ತು. ಅಂಚಿನಲ್ಲಿ ಹಿತ್ತಾಳೆಯ ಸಣ್ಣ ಹೂವು. ಎರಡು ಪಟ್ಟಿಯ ಕಾಲು. ಆಗ ನನಗೂ ಕಂಡಿತು: ಅದು ಹಲಗೆಯಲ್ಲ, ಮಣೆ.

“ಇದು ಯಾರ ಮಣಿ?” ಎಂದರು ಟೀಚರ್.

“ನಮ್ಮದ. ಅಡಗಿಮನ್ಯಾಗ ವಾಷಿಂಗ್ ಮಷಿನ್ ಹಿಂದ ಇತ್ತಲ್ಲ.”

“ನಮ್ಮದಲ್ಲ. ನಂದು. ತವರುಮನಿದು. ಇದರ ಮ್ಯಾಲ ಕುಂತು ಲಿಂಗಪೂಜಿ ಮಾಡತಿದ್ದೆ ನಾ.”

ಅವರು ಅಳತೆ ಹೇಳತೊಡಗಿದರು. ಏರಿದ್ದು ಮೂರು ಇಂಚು, ಮಣೆ ಮೂರು ಇಂಚು, ಬೇರೆ ಎಲ್ಲಿ ಹುಡುಕಿದರೂ ಆ ಎತ್ತರದ್ದು ಸಿಗಲಿಲ್ಲ. ಆಮೇಲೆ, ಸಮಾಧಾನ ಮಾಡಲು ಹೋಗಿ, “ಎಲ್ಲಾರೂ ಹತ್ತಿ ನೋಡ್ಯಾರ, ಹಗೂರ ಆತು ಅಂತಾರ” ಎಂದುಬಿಟ್ಟರು.

“ಎಲ್ಲಾರೂ” ಎಂದರು ಟೀಚರ್. ಅಷ್ಟೇ. ಸೆರಗಿನಿಂದ ರಬ್ಬರಿನ ಕಚ್ಚುಗಳ ಮಣ್ಣು ಒರೆಸಿದರು. ಮಣೆಯನ್ನು ಎದೆಗೆ ಒತ್ತಿಕೊಂಡು ಕುಂಟುತ್ತಾ ಲಿಫ್ಟಿನ ಕಡೆ ನಡೆದರು. ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು.

ಅವರು ಗಾಡಿಯ ತೆರೆದ ಬಾಗಿಲು ಹಿಡಿದುಕೊಂಡು ನಿಂತೇ ಇದ್ದರು. “ಆಕಿ ಪೂಜಿ ಮಾಡೂದ ನಾ ನೋಡೇ ಇಲ್ಲ ಮೇಡಂ” ಎಂದರು ನನ್ನ ಕಡೆ ನೋಡದೆ. “ಎರಡು ವರ್ಷ ಇದ್ದಳು ಇಲ್ಲೇ. ಆಕಿ ಪೂಜಿಗೆ ಕುಂಡರೂದರೊಳಗ ನಾ ಕೆಲಸಕ್ಕ ಹೊಂಟಿರತಿದ್ದೆ, ಬ್ಯಾಸಿಗಿಗೆ ಬಂದಾಗೂ ಅಷ್ಟ. ಊಟದ ಮಣಿ ಅಂತ ತಿಳದಿದ್ದೆ.” ಟೀಚರ ಲೋಟ, ಚಪ್ಪಲಿ, ಸೀರೆ ಎಲ್ಲವನ್ನೂ ಕಣ್ಣ ಮುಂದೆ ಕಾಪಾಡಿಕೊಂಡಿದ್ದ ಮನುಷ್ಯ. ಆಕೆ ದಿನಾ ಎಲ್ಲಿ ಕೂರುತ್ತಿದ್ದರು ಎನ್ನುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕರುಳು ಚುರುಕ್ಕೆಂದಿತು.

ಮಧ್ಯಾಹ್ನ ಮಜ್ಜಿಗೆ ಕೇಳುವ ನೆಪ ಮಾಡಿಕೊಂಡು ಮೇಲೆ ಹೋದೆ. ಟೀಚರ್ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮಣೆ ತೊಳೆದು ಕಿಟಕಿಗೆ ಒರಗಿಸಿತ್ತು. ನಾನು ಮೈಸೂರಿನವಳು, ಸಮಾಧಾನ ಹೇಳುವುದಕ್ಕೆ ಸುತ್ತಿ ಬಳಸಿ ಬಾಯಿ ತೆಗೆದೆ: ಪಾಪ, ಅವರಿಗೆ ತಿಳಿಯಲಿಲ್ಲ, ನೀವು ಆರಾಮವಾಗಿ ಹತ್ತಲಿ ಅಂತಲೇ ಅಲ್ಲವೇ ಮಾಡಿದ್ದು, ತೊಳೆದು ವಿಭೂತಿ ಹಚ್ಚಿದರೆ ಆಯಿತು. ಅವರು ನನ್ನನ್ನು ಪೂರ್ತಿ ಮಾತಾಡಲು ಬಿಟ್ಟರು. ಶಾಲೆಯಲ್ಲಿ ತಪ್ಪು ಉತ್ತರ ಹೇಳುವ ಹುಡುಗರನ್ನೂ ಹೀಗೇ ಬಿಡುತ್ತಿದ್ದಿರಬೇಕು.

“ಚಪ್ಪಲಿ ಕಾಲು ಇಟ್ಟದ್ದಕ್ಕ ಅಲ್ರಿ” ಎಂದರು ಆಮೇಲೆ. “ಮಣಿ ಹೋದ್ರ ಇನ್ನೊಂದು ಮಣಿ ಬರತೈತಿ. ಊರಾಗ ನನ್ನ ಸಾಲಿ ಐತಿ. ನಾ ಬರೂದು ಸ್ವಲ್ಪ ತಡ ಆದ್ರ ಹುಡುಗೂರು ಗೇಟಿನ ಹಂತ್ಯಾಕ ಬಂದು ನಿಂತಿರತಾವ. ಇಲ್ಲಿ ಯಾರಿಗೆ ಗೊತ್ತೈತ್ರಿ ನಾ ಎಲ್ಲಿ ಕುಂಡರತೀನಿ ಅಂತ? ಅದನ್ನ ಬಿಟ್ಟು ಇದಕ್ಕ ಬರಲೇನು?”

ಒಂದು ಹಿಡಿ ಸೊಪ್ಪು ಎಳೆದುಕೊಂಡು ನಾನೂ ಬಿಡಿಸತೊಡಗಿದೆ.

ಆ ರಜೆಯಿಡೀ ಟೀಚರ್ ಬಸ್ಸಿನಲ್ಲೇ ಓಡಾಡಿದರು. ಜಗಳ ಅಂತೇನೂ ಕೇಳಿಸಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು ಎಂದು ನಮ್ಮ ಮನೆಯವರಿಗೆ ಹೇಳಿದ ನೆನಪು. ಮೇಲಿನ ಮಹಡಿಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು, ಟಿವಿ ಸದ್ದು ಬರುತ್ತಿತ್ತು, ಮಾತಿನ ಸದ್ದು ಬರುತ್ತಿರಲಿಲ್ಲ. ಮಲೇಷ್ಯಾದ ಗುಡ್ಡಕ್ಕೆ ಹೋಗಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಟೀಚರ್ ಹೊರಟರು. ಮಣೆಯನ್ನು ಸೀರೆಗಳ ನಡುವೆ ಇಟ್ಟು ಒಯ್ದರು. ರಬ್ಬರು ಕಿತ್ತಿರಲಿಲ್ಲ, ಹಗ್ಗ ಮಾತ್ರ ಬಿಚ್ಚಿದ್ದರು. ಅರ್ಜಿ ಕೊಡಲಿಲ್ಲ.

ಅವರು ಹೋದ ವಾರವೇ ಟ್ರಕ್ಕು ಮತ್ತೆ ಮೂವತ್ತೊಂದರ ಮೇಲೆ ನಿಂತಿತ್ತು. ಸ್ಪ್ರಿಂಗನ್ನೂ ಹಳೆಯದಕ್ಕೇ ಬದಲಿಸಿದ್ದರು. ದೊಡ್ಡ ಟೈರನ್ನು ಭಾನುವಾರದ ಗೆಳೆಯರಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದರು. ನಾನು ಬೆಳಿಗ್ಗೆ ಹತ್ತಿ ಕೂತು, “ಇನ್ಯಾಕೆ ಸಣ್ಣದು? ಹೇಗೂ ಈಗ ನೀವೊಬ್ಬರೇ ಅಲ್ವಾ” ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಹತ್ತಾಕ ಮಣಿ ಇಲ್ಲಲ್ರಿ ಈಗ” ಎಂದರು.

ಆಮೇಲೆ ಅವರು ಜೋಹೋರಿಗೆ ಹೋಗುವುದು ಕಡಿಮೆಯಾಯಿತು. ಸೋಮವಾರ ಗಾಡಿ ತೊಳೆದುಕೊಂಡು ಹೊಳೆಯುತ್ತಿರುತ್ತಿತ್ತು. ಟೀಚರ್ ಮತ್ತೆ ಬೇಸಿಗೆಗೆ ಬರಲಿಲ್ಲ. ಮೊಣಕಾಲು, ಪರೀಕ್ಷೆ ಕೆಲಸ, ಏನಾದರೊಂದು. ಇವರೇ ದೀಪಾವಳಿಗೆ ಹೋಗಿ ಬರುತ್ತಿದ್ದರು. ಸಂಜೆ ಏಳೂವರೆಗೆ ವಾಯ್ಡ್ ಡೆಕ್ಕಿನ ಕಲ್ಲುಮೇಜಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈ ದೇಶದಲ್ಲಿ ಗಾಡಿಗೆ ಆಯುಷ್ಯ ಗೊತ್ತು ಮಾಡಿ ಕೊಡುತ್ತಾರೆ, ಅದು ಮುಗಿದ ದಿನ ಟ್ರಕ್ಕನ್ನು ಒಯ್ದು ಒಪ್ಪಿಸಿ ಬಸ್ಸಿನಲ್ಲಿ ವಾಪಸು ಬಂದರು. ಟೈರು ಇನ್ನೂ ಗಟ್ಟಿಯಾಗಿತ್ತು ಎಂದು ಎರಡು ಮೂರು ಸಲ ಹೇಳಿದರು. ಆಮೇಲೆ ನಾವಿಬ್ಬರೂ ಶಿಫ್ಟಿನವರ ಜೊತೆ ಬಸ್ಸಿನಲ್ಲಿ ನಿಂತು ಪಾಸಿರ್ ಪಂಜಾಂಗ್‌ಗೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಪಕ್ಕದ ಟ್ರಕ್ಕುಗಳ ಚಕ್ರವನ್ನು ನಾನೇ ನೋಡಿ, “ಅದು ಮೂವತ್ತಮೂರು ಅಲ್ವಾ?” ಎಂದು ಕೆಣಕುತ್ತಿದ್ದೆ. “ಹೌದು ಮೇಡಂ” ಎನ್ನುತ್ತಿದ್ದರು. ನಾವು ಬೂನ್ ಲೇಗೆ ಮನೆ ಬದಲಿಸಿದ ಮೇಲೆ ಅದೂ ನಿಂತಿತು. ರಿಟೈರ್ ಆಗಿ ಊರಿಗೆ ಹೊರಟಾಗ ಫೋನ್ ಮಾಡಿ ಹೇಳಿದ್ದರು. ನಾನು ಹೋಗಿ ಕಳಿಸಿಕೊಡಬೇಕೆಂದಿದ್ದೆ, ಆ ದಿನ ಮಗಳಿಗೆ ಜ್ವರ ಬಂತು.

ಇದೆಲ್ಲ ಆ ಬೆಂಚಿನ ಮೇಲೆ ಕೂತಾಗ ಕಣ್ಣ ಮುಂದೆ ಬಂತು. ಫೋನಿನಲ್ಲಿ ಟೀಚರ್ ಹೇಳುತ್ತಿದ್ದರು. ನಸುಕಿನಲ್ಲಿ ಎದೆ ನೋವು ಅಂದರಂತೆ, ಬಾಗಲಕೋಟೆ ತಲುಪುವುದರೊಳಗೆ ಮುಗಿಯಿತಂತೆ. ಊರಿಗೆ ಬಂದ ಮೇಲೆ ಹೇಗಿದ್ದರು ಎಂದು ಕೇಳಿದೆ.

“ಇದ್ರು ರೀ” ಎಂದರು. “ಅವರ ಪಾಡಿಗೆ ಅವರು. ಕಟ್ಟಿ ಮ್ಯಾಲ ಕುಂತು ಹೋಗೋ ಬರೋ ಗಾಡಿ ನೋಡತಿದ್ರು. ಸಂಜಿ ಐದಕ್ಕ ನಾ ಮನ್ಯಾಗ ಇದ್ರೂ ಫೋನ್ ತಗೊಂಡು ಹೊರಗ ಹೋಗಿ ನಿಲ್ಲೋರು. ರೂಢಿ ಆಗಿತ್ತು ನೋಡ್ರಿ.”

ಕೇಳಬಾರದೆಂದು ಗೊತ್ತಿದ್ದೂ ನನ್ನ ಬಾಯಿ ನಿಲ್ಲಲಿಲ್ಲ. “ಟೀಚರ್, ಆ ಮಣೆ?”

“ಐತ್ರಿ. ಇವರು ಬಂದ ಹೊಸತರಾಗ ಇಕ್ಕಳ ಹಿಡಕೊಂಡು ಕುಂತಿದ್ರು, ರಬ್ಬರ್ ಕಿತ್ತು ಕೊಡತೀನಿ ಅಂತ. ನಾನ ಬ್ಯಾಡ ಅಂದೆ.”

“ಯಾಕೆ?”

“ಈಗ ನೆಲದ ಮ್ಯಾಲ ಕುಂಡರಾಕ ಆಗಂಗಿಲ್ರಿ ನನಗ. ಪೂಜಿಗೂ ಖುರ್ಚಿನ. ಕಾಲು ಜೋತು ಬಿದ್ರ ಮೊಣಕಾಲು ಜಗ್ಗತೈತಿ. ಅದಕ್ಕ ಮಣಿ ಕಾಲ ಕೆಳಗ ಇಟಗೋತೀನಿ. ರಬ್ಬರ್ ಇರೂದಕ್ಕ ಜಾರಂಗಿಲ್ಲ.” ಹಿಂದೆ ಯಾರೋ ಕರೆದರು, ಬಂದೆ ಎಂದು ಅವರಿಗೆ ಹೇಳಿ ಮತ್ತೆ ಫೋನಿಗೆ ಬಂದರು. “ಮೊದಲನೇ ಸಲ ಹಂಗ ಕುಂತಾಗ ಇವರು ಬಾಗಿಲದಾಗ ನಿಂತು ನೋಡಿದ್ರು. ಪೂಜಿ ಮುಗಿಯೂತನಾ ನಿಂತ ಇದ್ರು. ಮುಗದಮ್ಯಾಲ, ಎತ್ತರ ಸರಿ ಆತೇನು ಅಂತ ಕೇಳಿದ್ರು. ಹೂಂ ಅಂದೆ.”

ಫೋನು ಇಡುತ್ತಾರೆಂದುಕೊಂಡೆ. ಇಡಲಿಲ್ಲ. ಇನ್ನೇನೂ ಮಾತಾಡಲೂ ಇಲ್ಲ. ನನ್ನ ಬಸ್ಸು ಬಂದು ನಿಂತು, ಬಾಗಿಲು ಮುಚ್ಚಿಕೊಂಡು ಹೋಯಿತು. ನಾನು ಫೋನನ್ನು ಕಿವಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ.